ಅಪಘಾತದ ಗಾಯಾಳುವಿನ ಆಸ್ಪತ್ರೆ ಬಿಲ್ಲು: ವಾಹನ ವಿಮೆಯಿಂದ ಬರುವುದೆಷ್ಟು, ಯಾವಾಗ, ಹೇಗೆ?

ಗುಲ್ವಾಡಿ, ಬಸ್ರೂರು, ಕಂಡ್ಲೂರು ಭಾಗದ ವರ್ತಕರಲ್ಲಿ ಸ್ವಂತದ್ದೊಂದು ಗೂಡ್ಸ್ ಟೆಂಪೊ ಅಥವಾ ಪಿಕಪ್ ಇಟ್ಟುಕೊಳ್ಳದವರು ಇಂದು ವಿರಳ. ಬಸ್ರೂರು ಬಂದರು ಪಟ್ಟಣವಾಗಿದ್ದ ಕಾಲದಲ್ಲಿ ಸರಕು ಹೊಳೆಯ ಮೇಲೆ ಸಾಗುತ್ತಿತ್ತು. ಈಗ ಹಂಚು, ಅಕ್ಕಿ, ಗೇರುಬೀಜ, ತೆಂಗಿನಕಾಯಿ, ಕೆಂಪುಕಲ್ಲು ಬಹುಪಾಲು ಕುಂದಾಪುರದ ಮೂಲಕ ರಾಷ್ಟ್ರೀಯ ಹೆದ್ದಾರಿ 66ನ್ನು ಸೇರಿ ಬೈಂದೂರಿನ ಕಡೆಗೋ ಉಡುಪಿಯ ಕಡೆಗೋ ಹೋಗುತ್ತದೆ. ಆ ದಾರಿಯಲ್ಲಿ ಅಪಘಾತವಾದರೆ ಗಾಯಾಳುವನ್ನು ಮೊದಲು ಕುಂದಾಪುರದ ಆಸ್ಪತ್ರೆಗೆ, ಪೆಟ್ಟು ಬಲವಾಗಿದ್ದರೆ ಅಲ್ಲಿಂದ ಉಡುಪಿ ಅಥವಾ ಮಣಿಪಾಲಕ್ಕೆ ಒಯ್ಯುವುದು ವಾಡಿಕೆ. ಅಲ್ಲಿಯ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿಬರುವ ಮೊದಲ ಪ್ರಶ್ನೆ, "ಅಡ್ವಾನ್ಸ್ ಎಷ್ಟು ಕಟ್ಟುತ್ತೀರಿ?" ಎಂಬುದು. ನಮ್ಮವರು ಸಾಮಾನ್ಯವಾಗಿ ಕೊಡುವ ಉತ್ತರ, "ಗಾಡಿಗೆ ಇನ್ಶೂರೆನ್ಸ್ ಉಂಟು, ಬಿಲ್ಲು ಅವರಿಗೇ ಕಳುಹಿಸಿ" ಎಂಬುದು.

ಈ ಉತ್ತರವನ್ನು ಯಾವ ಕೌಂಟರಿನಲ್ಲಿಯೂ ಒಪ್ಪುವುದಿಲ್ಲ. ಅದು ಆಸ್ಪತ್ರೆಯವರ ಹಟವಲ್ಲ, ನಮ್ಮ ಕಾನೂನಿನ ರಚನೆಯೇ ಹಾಗಿದೆ. ವರ್ಷಂಪ್ರತಿ ತಪ್ಪದೆ ಪ್ರೀಮಿಯಂ ಕಟ್ಟುವ ವರ್ತಕನಿಗೂ ಈ ವಿಷಯ ತಿಳಿದಿರುವುದಿಲ್ಲವಾದ್ದರಿಂದ, ಪ್ರಸ್ತುತ ಲೇಖನದಲ್ಲಿ ಇದನ್ನು ಒಂದು ಪಾಠದಂತೆ ಬಿಡಿಸಿ ನೋಡೋಣ.

ವಿಮೆ ಯಾರಿಗೆ, ಯಾವುದಕ್ಕೆ?

ಮೋಟಾರು ವಾಹನ ಅಧಿನಿಯಮ, 1988ರ ಕಲಂ 146ರ ಪ್ರಕಾರ ಪ್ರತಿಯೊಂದು ವಾಹನಕ್ಕೂ ಮೂರನೆಯವರ ಹೊಣೆಯ ವಿಮೆ ಕಡ್ಡಾಯ. ಈ ಕಡ್ಡಾಯವೇನೂ ಹೊಸದಲ್ಲ. 1939ರ ಹಳೆಯ ಅಧಿನಿಯಮದ ಅಡಿಯಲ್ಲಿ 1946ರ ಜುಲೈ 1ರಿಂದಲೇ ಜಾರಿಗೆ ಬಂದದ್ದು. ಆದರೆ ಇದು ಗಾಯಾಳುವಿನ ಆರೋಗ್ಯ ವಿಮೆಯಲ್ಲ, ವಾಹನದ ಮಾಲೀಕನ ಹೊಣೆಗಾರಿಕೆಯ ವಿಮೆ. ಮಾಲೀಕನು ಇಂತಿಷ್ಟು ಹಣ ಕೊಡಲು ಬಾಧ್ಯನೆಂದು ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣವು ತೀರ್ಮಾನಿಸಿದ ಮೇಲೆ, ಅಥವಾ ಉಭಯತ್ರರು ರಾಜಿಯಾದ ಮೇಲೆ, ಆ ಹಣವನ್ನು ಅವನ ಪರವಾಗಿ ಕಂಪೆನಿ ತೆರುತ್ತದೆ. ಸಾವು ಮತ್ತು ಶಾರೀರಿಕ ಗಾಯದ ಮಟ್ಟಿಗೆ ಈ ಹೊಣೆಗೆ ಮೇಲ್ಮಿತಿಯಿಲ್ಲ ಎಂಬುದು ನಿಜ. ಆದರೆ ತೀರ್ಮಾನವಾಗುವ ತನಕ ಬಿಲ್ಲು ಯಾರ ಕಿಸೆಯಿಂದ ಹೋಗಬೇಕು ಎಂಬ ಪ್ರಶ್ನೆಗೆ ಈ ಪಾಲಿಸಿಯಲ್ಲಿ ಉತ್ತರವಿಲ್ಲ.

ಅಮೆರಿಕದಲ್ಲಿರುವ ನಮ್ಮೂರ ಮಕ್ಕಳು ಫೋನಿನಲ್ಲಿ ಹೇಳುವುದನ್ನು ಕೇಳಿ ಕೆಲವರಿಗೆ ಇಲ್ಲಿಯೂ ಹಾಗೆಯೇ ಎಂಬ ಭ್ರಮೆ ಹುಟ್ಟುತ್ತದೆ. ಅಲ್ಲಿಯ ಮ್ಯಾಸಚೂಸೆಟ್ಸ್ ರಾಜ್ಯವು 1971ರಲ್ಲಿ ಮೊದಲುಮಾಡಿ, ಬಳಿಕ ನ್ಯೂಯಾರ್ಕ್, ಮಿಷಿಗನ್ ಮೊದಲಾದ ರಾಜ್ಯಗಳು 'ತಪ್ಪು ಯಾರದ್ದೇ ಇರಲಿ' ಎಂಬ ತತ್ವದ ವಿಮೆಯನ್ನು ಜಾರಿಗೆ ತಂದವು. ಆ ರಾಜ್ಯಗಳಲ್ಲಿ ಆಸ್ಪತ್ರೆಯು ನೇರವಾಗಿ ವಾಹನ ವಿಮಾ ಕಂಪೆನಿಗೆ ಬಿಲ್ಲು ಕಳುಹಿಸಬಹುದು; ನ್ಯೂಯಾರ್ಕಿನಲ್ಲಿ ಇದರ ಮೂಲಮಿತಿ 50,000 ಡಾಲರು. ಇಂಗ್ಲೆಂಡಿನಲ್ಲಿ ಬೇರೆ ಕ್ರಮ: ಸರ್ಕಾರಿ ಆಸ್ಪತ್ರೆಯಲ್ಲಿ ಗಾಯಾಳು ಏನನ್ನೂ ಕೊಡಬೇಕಿಲ್ಲ, ಅವನಿಗೆ ಪರಿಹಾರ ದೊರೆತಾಗ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ವಿಮಾ ಕಂಪೆನಿಯಿಂದ ವಸೂಲು ಮಾಡುತ್ತದೆ. ನಮ್ಮಲ್ಲಿ ಈ ಎರಡೂ ಇರಲಿಲ್ಲ.

ಕರ್ನಾಟಕ ಸರ್ಕಾರವು 2016ರ ಮಾರ್ಚ್ 8ರಂದು ಆರಂಭಿಸಿದ 'ಮುಖ್ಯಮಂತ್ರಿ ಸಾಂತ್ವನ ಹರೀಶ್' ಯೋಜನೆಯು ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳ ತನಕ ಭರಿಸುವ ಭರವಸೆ ನೀಡಿತ್ತು. ನೆಲಮಂಗಲದ ಬಳಿ ಲಾರಿಗೆ ಸಿಲುಕಿ ಸಾಯುವ ಹೊತ್ತಿನಲ್ಲಿಯೂ ಅಂಗದಾನದ ಮಾತನಾಡಿದ ತರುಣನ ಹೆಸರನ್ನು ಅದಕ್ಕಿಟ್ಟರು. ಮೊತ್ತ ಸಣ್ಣದಾದರೂ ಬಿಲ್ಲು ರೋಗಿಗೆ ಬದಲಾಗಿ ಬೇರೆಡೆಗೆ ಹೋಗಬೇಕೆಂಬ ವಿಚಾರ ಅದರಲ್ಲಿತ್ತು.

2025ರ ನಗದುರಹಿತ ಯೋಜನೆ

2019ರ ತಿದ್ದುಪಡಿಯಲ್ಲಿ ಬಂದ ಕಲಂ 162, ಗಾಯಗೊಂಡ ಮೊದಲ ಒಂದು ಗಂಟೆಯ, ಅಂದರೆ 'ಸುವರ್ಣ ಗಂಟೆ'ಯ, ಚಿಕಿತ್ಸೆಗಾಗಿ ಯೋಜನೆ ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಹೇಳುತ್ತದೆ. ಈ ಕಲಂ 2022ರ ಏಪ್ರಿಲ್ 1ರಂದು ಜಾರಿಗೆ ಬಂದರೂ ಯೋಜನೆ ಬರಲಿಲ್ಲ. 2025ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯವು ಗಡುವು ವಿಧಿಸಿದ ಮೇಲೆ, ಅದೇ ವರ್ಷ ಮೇ 5ರಂದು 'ರಸ್ತೆ ಅಪಘಾತ ಸಂತ್ರಸ್ತರ ನಗದುರಹಿತ ಚಿಕಿತ್ಸಾ ಯೋಜನೆ, 2025' ಪ್ರಕಟವಾಯಿತು. ಇದರಂತೆ ಮೋಟಾರು ವಾಹನದಿಂದ ಯಾವುದೇ ರಸ್ತೆಯಲ್ಲಿ ಅಪಘಾತಕ್ಕೀಡಾದ ವ್ಯಕ್ತಿಗೆ, ಅಪಘಾತದ ದಿನದಿಂದ 7 ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನಿಯೋಜಿತ ಆಸ್ಪತ್ರೆಯಲ್ಲಿ ನಗದು ಕಟ್ಟದೆ ಚಿಕಿತ್ಸೆ ದೊರೆಯತಕ್ಕದ್ದು. ನಿಯೋಜಿತವಲ್ಲದ ಆಸ್ಪತ್ರೆಯಲ್ಲಾದರೆ ರೋಗಿಯ ಸ್ಥಿತಿ ಸ್ಥಿರವಾಗುವ ಮಟ್ಟಿನ ಚಿಕಿತ್ಸೆಗಷ್ಟೇ ಇದು ಅನ್ವಯ. ಆಸ್ಪತ್ರೆಯ ಬಿಲ್ಲು ಮೋಟಾರು ವಾಹನ ಅಪಘಾತ ನಿಧಿಗೆ ಹೋಗುತ್ತದೆ. ವಿಮೆಯುಳ್ಳ ವಾಹನಗಳ ಪ್ರಕರಣಗಳಿಗೆ ಸಾಮಾನ್ಯ ವಿಮಾ ಕಂಪೆನಿಗಳ ವಂತಿಗೆ, ವಿಮೆಯಿಲ್ಲದ ಹಾಗೂ ಗುದ್ದಿ ಪರಾರಿಯಾದ ಪ್ರಕರಣಗಳಿಗೆ ಸರ್ಕಾರದ ಹಣ, ಇದು ನಿಧಿಯ ಆಧಾರ.

ವಾಹನ ವಿಮೆಯ ಹಣಕ್ಕೆ ಆಸ್ಪತ್ರೆ ತಾನೇ ಬಿಲ್ಲು ಮಾಡುವ ಕ್ರಮಕ್ಕೆ ನಮ್ಮ ದೇಶದಲ್ಲಿ ಅತಿ ಸಮೀಪವಾದದ್ದು ಇದೇ. ಆದರೆ ಎರಡು ಮಾತು ಗಮನಿಸಬೇಕು. ಒಂದು, ಪ್ರಕರಣವು ಪೊಲೀಸರ ದಾಖಲೆಯೊಂದಿಗೆ ತಾಳೆಯಾಗಬೇಕು. ಇನ್ನೊಂದು, ತಲೆಗೆ ಪೆಟ್ಟಾಗಿ ಐ.ಸಿ.ಯು. ಸೇರಿದವನಿಗೆ ಒಂದೂವರೆ ಲಕ್ಷವೂ ಏಳು ದಿನವೂ ಬೇಗನೆ ಮುಗಿಯುತ್ತವೆ; ಎಂಟನೆಯ ದಿನದಿಂದ ಹಳೆಯ ಪ್ರಶ್ನೆಯೇ ಎದುರಾಗುತ್ತದೆ. ನಮ್ಮ ಸುತ್ತಿನ ಯಾವ ಆಸ್ಪತ್ರೆಗಳು ನಿಯೋಜಿತ ಪಟ್ಟಿಯಲ್ಲಿವೆ ಎಂಬುದನ್ನು ಸಮಾಧಾನವಿರುವ ದಿನವೇ ವಿಚಾರಿಸಿ, ಚಾಲಕನ ಕೈಯಲ್ಲಿ ಒಂದು ಚೀಟಿ ಬರೆದುಕೊಡುವುದು ಲೇಸು.

ಒಂದು ಅಪಘಾತ, ಐದು ಬಿಲ್ಲುಗಳು

ಈಗ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಗುಲ್ವಾಡಿಯ ಹಂಚಿನ ವ್ಯಾಪಾರಿಯೊಬ್ಬರ ಟೆಂಪೊ ಬೈಂದೂರಿಗೆ ಹೊರಟಿದೆ. ಒಳಗೆ ಸಂಬಳದ ಚಾಲಕ ಮತ್ತು ಹಂಚು ಇಳಿಸುವ ಕೂಲಿಯಾಳು. ಹಿಂದೆ ಹೇರಿನ ಮೇಲೆ, "ಬೈಂದೂರಿಗೆ ಹೇಗೂ ಹೋಗುತ್ತದಲ್ಲ" ಎಂದು ಹತ್ತಿಸಿಕೊಂಡ ನೆರೆಮನೆಯವನು. ಹೆಮ್ಮಾಡಿಯ ಬಳಿ ಚಾಲಕನ ಅಜಾಗ್ರತೆಯಿಂದ ಟೆಂಪೊ ಒಂದು ಸ್ಕೂಟರಿಗೆ ಬಡಿದು ಪಕ್ಕಕ್ಕೆ ಮಗುಚಿತು. ಸ್ಕೂಟರಿನ ಸವಾರ, ಹಿಂಬದಿ ಸವಾರ, ಚಾಲಕ, ಕೂಲಿಯಾಳು, ನೆರೆಯವನು ಐವರೂ ಆಸ್ಪತ್ರೆ ಸೇರಿದರು. ಗಾಡಿ ಒಂದೇ, ಪಾಲಿಸಿ ಒಂದೇ ಆದರೂ ಐದು ಬಿಲ್ಲುಗಳ ದಾರಿ ಐದು ಕಡೆಗೆ.

ಸ್ಕೂಟರಿನ ಸವಾರ ಮತ್ತು ಹಿಂಬದಿ ಸವಾರರು ಟೆಂಪೊವಿನ ಮಟ್ಟಿಗೆ ಮೂರನೆಯವರು. ಅವರು ಕಲಂ 166ರ ಅಡಿಯಲ್ಲಿ ಅರ್ಜಿ ಹಾಕಿ ಟೆಂಪೊವಿನ ವಿಮಾ ಕಂಪೆನಿಯಿಂದ ಆಸ್ಪತ್ರೆ ಖರ್ಚು, ದುಡಿಮೆ ತಪ್ಪಿದ ದಿನಗಳ ನಷ್ಟ, ಮುಂದಿನ ಚಿಕಿತ್ಸೆಯ ವೆಚ್ಚ ಎಲ್ಲವನ್ನೂ ಕೇಳಬಹುದು. ಒಂದು ವೇಳೆ ತಪ್ಪು ಸ್ಕೂಟರಿನ ಸವಾರನದ್ದೇ ಆಗಿದ್ದರೆ ಚಿತ್ರ ತಿರುಗುಮುರುಗಾಗುತ್ತದೆ. ಆಗ ಹಿಂಬದಿ ಸವಾರನು ಆ ಸ್ಕೂಟರಿನ ಪಾಲಿಸಿಯನ್ನು ನೋಡಬೇಕು. ಅದು ಬರಿಯ 'ಆ್ಯಕ್ಟ್ ಪಾಲಿಸಿ'ಯಾಗಿದ್ದರೆ ಹಿಂಬದಿ ಸವಾರನಿಗೆ ರಕ್ಷಣೆಯಿಲ್ಲವೆಂದೂ, 'ಪ್ಯಾಕೇಜ್ ಪಾಲಿಸಿ'ಯಾದರೆ ಉಂಟೆಂದೂ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಹೇಳುತ್ತವೆ. ಖಾಸಗಿ ಕಾರಿನಲ್ಲಿ ಕುಳಿತವರಿಗೂ ಇದೇ ನಿಯಮ. ಕೆಲವು ನೂರು ರೂಪಾಯಿ ಉಳಿಸಲೆಂದು ಆ್ಯಕ್ಟ್ ಪಾಲಿಸಿಗೆ ಇಳಿಯುವವರು ತಮ್ಮ ಹೆಂಡತಿ ಮಕ್ಕಳೇ ಹಿಂದೆ ಕೂರುವವರೆಂಬುದನ್ನು ನೆನೆಯಬೇಕು.

ಚಾಲಕನದ್ದು ಬೇರೆ ಕಥೆ. ತನ್ನ ಅಜಾಗ್ರತೆಯಿಂದಲೇ ಗಾಯಗೊಂಡವನು ಕಲಂ 166ರ ಅಡಿಯಲ್ಲಿ ಪರಿಹಾರ ಕೇಳುವಂತಿಲ್ಲ. ಆದರೆ ಕೆಲಸದ ವೇಳೆಯಲ್ಲಿ ಗಾಯಗೊಂಡ ನೌಕರನೆಂಬ ನೆಲೆಯಲ್ಲಿ ಅವನ ಹಕ್ಕು ಉಳಿಯುತ್ತದೆ. ಇದು ಮೊದಲು ನೌಕರರ ಪರಿಹಾರ ಅಧಿನಿಯಮ, 1923ರಲ್ಲಿತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯ ಭಾಗವಾಗಿದೆ. ವಾಸ್ತವವಾಗಿ ತಗಲಿದ ವೈದ್ಯಕೀಯ ವೆಚ್ಚವನ್ನು ಮಾಲೀಕನು ಮರುಪಾವತಿಸಬೇಕೆಂಬ ನಿಯಮ 2010ರಿಂದಲೂ ಇದೆ. ಈ ವೆಚ್ಚವೂ ನಿಮ್ಮ ಪಾಲಿಸಿಯಲ್ಲಿ ಸೇರಿದೆಯೇ ಎಂಬುದನ್ನು ಏಜೆಂಟರ ಬಾಯಿಮಾತಿನಿಂದಲ್ಲ, ಪಾಲಿಸಿಯ ಷರತ್ತು ಓದಿಯೇ ತಿಳಿಯಬೇಕು. ಹತ್ತು ಮಂದಿಗಿಂತ ಕಡಿಮೆಯಿಲ್ಲದ ಸಂಸ್ಥೆಯಾಗಿ, ಚಾಲಕನ ವೇತನವು ತಿಂಗಳಿಗೆ 21,000 ರೂಪಾಯಿಗಳ ಮಿತಿಯೊಳಗಿದ್ದು, ಇ.ಎಸ್.ಐ. ನೋಂದಣಿಯಾಗಿದ್ದರೆ ಚಿಕಿತ್ಸೆಯನ್ನು ಆ ನಿಗಮವೇ ನೋಡಿಕೊಳ್ಳುತ್ತದೆ. ನೋಂದಣಿಗೆ ಅಳುಕುವ ನಮ್ಮ ಸಣ್ಣ ಕಾರ್ಖಾನೆದಾರರು ಇಂತಹ ಒಂದು ರಾತ್ರಿಯ ಬಿಲ್ಲನ್ನು ಹತ್ತು ವರ್ಷದ ವಂತಿಗೆಯೊಡನೆ ಹೋಲಿಸಿ ನೋಡಲಿ.

ಕೂಲಿಯಾಳು ಸಹ ನೌಕರನೇ. ಆದರೆ ವಾಹನದ ನೋಂದಣಿ ಪತ್ರದಲ್ಲಿರುವ ಆಸನಗಳ ಸಂಖ್ಯೆಯೊಳಗೆ ಅವನು ಬರಬೇಕು, ಮತ್ತು ಅವನಿಗಾಗಿ ಪ್ರೀಮಿಯಂ ಕಟ್ಟಿರಬೇಕು. ಪಾಲಿಸಿಯ ಹಾಳೆಯಲ್ಲಿ ಎಷ್ಟು ಮಂದಿ ನೌಕರರಿಗೆ ಎಂದು ಬರೆದಿರುವ ಅಂಕಣ ಒಂದಿರುತ್ತದೆ. ಅಲ್ಲಿ 1 ಎಂದಿದ್ದರೆ ಅದು ಚಾಲಕನಿಗೇ ಮುಗಿಯಿತು.

ಇನ್ನು ನೆರೆಮನೆಯವನು. ನಿಜವಾದ ಅಪಾಯವಿರುವುದು ಇಲ್ಲಿ. ಸರಕು ವಾಹನದಲ್ಲಿ ಬಿಟ್ಟಿಯಾಗಿ ಕರೆದೊಯ್ಯುವ ಪ್ರಯಾಣಿಕನಿಗೆ ವಿಮಾ ಕಂಪೆನಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಆಶಾರಾಣಿ ಪ್ರಕರಣದಲ್ಲಿ 2002ರಲ್ಲಿಯೇ ತೀರ್ಪಿತ್ತಿತು. 2019ರ ತಿದ್ದುಪಡಿಯಲ್ಲಿ ಅದನ್ನು ಕಲಂ 147ರ ಪಠ್ಯದಲ್ಲಿಯೇ ಸೇರಿಸಲಾಗಿದೆ. ಸರಕಿನ ಒಡೆಯನಾಗಲಿ ಅವನ ಅಧಿಕೃತ ಪ್ರತಿನಿಧಿಯಾಗಲಿ ಸರಕಿನೊಡನೆ ಹೋಗುತ್ತಿದ್ದರೆ ರಕ್ಷಣೆಯುಂಟು, ಲಿಫ್ಟ್ ಕೊಟ್ಟವನಿಗಿಲ್ಲ. ಅವನು ಅರ್ಜಿ ಹಾಕಿದರೆ ಪರಿಹಾರದ ಆದೇಶ ಟೆಂಪೊ ಮಾಲೀಕರ ಮೇಲೆಯೇ ಆಗುವ ಸಂಭವ ಹೆಚ್ಚು. ಜಾತ್ರೆಗೆ, ಮದುವೆಯ ದಿಬ್ಬಣಕ್ಕೆ ಟೆಂಪೊ ಕೊಡುವ ದಾಕ್ಷಿಣ್ಯದ ಬೆಲೆ ಇಷ್ಟು ದೊಡ್ಡದೆಂದು ಬಹಳ ಮಂದಿಗೆ ಗೊತ್ತಿಲ್ಲ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಮಾಲೀಕ-ಚಾಲಕನ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ 2018ರಲ್ಲಿ 15 ಲಕ್ಷ ರೂಪಾಯಿಗಳಿಗೆ ಏರಿದೆ. "ನನಗೆ ಹದಿನೈದು ಲಕ್ಷದ ಇನ್ಶೂರೆನ್ಸ್ ಉಂಟು" ಎಂದು ಆಸ್ಪತ್ರೆಯಲ್ಲಿ ಹೇಳಿ ಪ್ರಯೋಜನವಿಲ್ಲ. ಅದು ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಮುರಿದ ಕಾಲಿನ ಶಸ್ತ್ರಚಿಕಿತ್ಸೆಯ ಬಿಲ್ಲಿಗಲ್ಲ. ಸಂಬಳದ ಚಾಲಕನಿಗಂತೂ ಅದು ಅನ್ವಯಿಸುವುದೇ ಇಲ್ಲ.

ಆಸ್ಪತ್ರೆಯ ಕಾಗದದ ಮೊದಲ ಸಾಲು

ಕ್ಲೇಮಿನ ಜಯಾಪಜಯ ಬಹಳ ಸಲ ನಿರ್ಧಾರವಾಗುವುದು ವಕೀಲರ ಕಚೇರಿಯಲ್ಲಲ್ಲ, ಆಸ್ಪತ್ರೆಯ ಅಪಘಾತ ವಿಭಾಗದ ಮೇಜಿನ ಮೇಲೆ. ಗಾಯಾಳುವನ್ನು ತಂದವರನ್ನು ಕೇಳಿ ವೈದ್ಯರು ಬರೆದುಕೊಳ್ಳುವ "ಗಾಯ ಹೇಗಾಯಿತು" ಎಂಬ ಒಂದು ಸಾಲು ಮುಂದೆ ವರ್ಷಗಟ್ಟಲೆ ಬೆನ್ನು ಹತ್ತುತ್ತದೆ.

ಇದನ್ನು ಈ ಲೇಖಕನು ಸ್ವಂತ ಖರ್ಚಿನಲ್ಲಿ ಕಲಿತದ್ದು. ಕೆಲವು ವರ್ಷಗಳ ಹಿಂದೆ ನಮ್ಮ ಅಂಗಡಿಯ ವಸೂಲಿಗೆ ಹೋಗಿದ್ದ ಸೋದರಳಿಯನ ಬೈಕಿಗೆ ಕಾರೊಂದು ಬಡಿಯಿತು. ಕಾರಿನವರು ಪರಿಚಿತರೇ, "ಪೊಲೀಸು ಕೇಸು ಬೇಡ, ಖರ್ಚೆಲ್ಲ ನನ್ನದು" ಎಂದರು. ನಾವೂ ಕೋರ್ಟು ಕಚೇರಿಯ ಅಲೆದಾಟಕ್ಕೆ ಹೆದರಿ, ನಾಯಿ ಅಡ್ಡಬಂದು ಬೈಕಿನಿಂದ ಬಿದ್ದನೆಂದು ಆಸ್ಪತ್ರೆಯಲ್ಲಿ ಬರೆಸಿದೆವು. ತೊಡೆಯ ಮೂಳೆಗೆ ಎರಡು ಶಸ್ತ್ರಚಿಕಿತ್ಸೆಗಳಾದವು. ಕಾರಿನವರಿಂದ ಹತ್ತು ಸಾವಿರ ರೂಪಾಯಿ ಬಂದದ್ದೇ ಕೊನೆ, ಅನಂತರ ಅವರು ಫೋನು ಎತ್ತಲಿಲ್ಲ. ಐದು ವಾರಗಳ ಬಳಿಕ ದೂರು ಕೊಟ್ಟು ಅರ್ಜಿ ಹಾಕಿದೆವು. ವಿಮಾ ಕಂಪೆನಿಯ ವಕೀಲರು ಆಸ್ಪತ್ರೆಯ ದಾಖಲೆಯಲ್ಲಿ ನಾವೇ ಬರೆಸಿದ ಆ ಸಾಲನ್ನು ಓದಿ ಕುಳಿತುಕೊಂಡರು. ಅರ್ಜಿ ವಜಾ ಆಯಿತು. ಅಕ್ಕನ ಬಳೆ ಅಡವಿಟ್ಟು ಕಟ್ಟಿದ ಬಿಲ್ಲಿನ ಒಂದು ರೂಪಾಯಿಯೂ ಮರಳಲಿಲ್ಲ. ಅಕ್ಕ ಆ ಕುರಿತು ನನ್ನಲ್ಲಿ ಇವತ್ತಿನವರೆಗೆ ಒಂದು ಮಾತೂ ಎತ್ತಿದ್ದಿಲ್ಲ.

ಆದುದರಿಂದ ನಡೆದದ್ದನ್ನು ನಡೆದಂತೆ, ವಾಹನದ ಸಂಖ್ಯೆ ಸಹಿತ, ಮೊದಲ ಗಂಟೆಯಲ್ಲಿಯೇ ಬರೆಸಬೇಕು. ಅಪಘಾತದ ಗಾಯಾಳು ಬಂದರೆ ಆಸ್ಪತ್ರೆಯು ಪೊಲೀಸರಿಗೆ ತಿಳಿಸುತ್ತದೆ. ಅದಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ. ವಿಧಿವಿಧಾನಗಳಿಗೆ ಕಾಯದೆ ತುರ್ತು ಚಿಕಿತ್ಸೆ ಕೊಡುವುದು ವೈದ್ಯರ ಕರ್ತವ್ಯವೆಂದು ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲಿಯೇ ತೀರ್ಪಾಗಿದ್ದು, ಕಲಂ 134ರಲ್ಲಿಯೂ ಇದು ಸ್ಪಷ್ಟವಾಗಿದೆ. ಗಾಯಾಳುವನ್ನು ತಂದ ದಾರಿಹೋಕನಿಗೆ ಕಿರುಕುಳವಾಗಬಾರದೆಂದು ಕಲಂ 134ಎ ರಕ್ಷಣೆ ಕೊಟ್ಟಿದೆ. ಹೀಗಿರುವಾಗ ಸುಳ್ಳು ಬರೆಸುವುದಕ್ಕೆ ಕಾರಣವೇ ಉಳಿದಿಲ್ಲ.

ಬಿಲ್ಲಿನ ವಿಚಾರದಲ್ಲಿ ನ್ಯಾಯಾಧಿಕರಣವು ನೋಡುವುದು ಒಟ್ಟು ಮೊತ್ತವನ್ನಲ್ಲ, ಪುರಾವೆಯನ್ನು. ಅಂತಿಮ ಬಿಲ್ಲು ಬಾಬ್ತುವಾರು ವಿಂಗಡಣೆಯೊಡನೆ ಇರಬೇಕು, ಅಡ್ವಾನ್ಸ್ ರಸೀದಿಗಳ ಮೊತ್ತ ಅದಕ್ಕೆ ತಾಳೆಯಾಗಬೇಕು, ಹೊರಗಿನ ಔಷಧಿ ಅಂಗಡಿಯ ಪ್ರತಿ ಚೀಟಿಗೂ ವೈದ್ಯರ ಚೀಟಿಯ ಬೆಂಬಲವಿರಬೇಕು. ಡಿಸ್ಚಾರ್ಜ್ ಸಾರಾಂಶ, ಗಾಯದ ಪ್ರಮಾಣಪತ್ರ, ಎಕ್ಸ್-ರೇ ಇವುಗಳಲ್ಲಿ ಹೆಸರು, ವಯಸ್ಸು ಒಂದೇ ರೀತಿ ಇರಬೇಕು. 'ಶೆಟ್ಟಿ' ಒಂದು ಕಡೆ ಇದ್ದು ಇನ್ನೊಂದು ಕಡೆ ಬಿಟ್ಟುಹೋದರೂ ತಕರಾರು ಬರುವುದುಂಟು. ಮಣಿಪಾಲಕ್ಕೆ ಒಯ್ದ ಆಂಬುಲೆನ್ಸಿನ ಬಾಡಿಗೆ, ಬಳಿಕದ ತಪಾಸಣೆಗೆ ಹೋಗಿಬಂದ ಕಾರಿನ ಬಾಡಿಗೆ ಇವಕ್ಕೂ ರಸೀದಿ ಪಡೆಯಿರಿ. ಹಣವನ್ನು ಸಾಧ್ಯವಾದಷ್ಟು ಚೆಕ್ಕು ಅಥವಾ ಯು.ಪಿ.ಐ. ಮೂಲಕವೇ ಕೊಡಿ, ಎರಡು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ನಗದನ್ನು ಪಡೆಯಲು ಆದಾಯ ತೆರಿಗೆ ಕಾನೂನಿನ ಪ್ರಕಾರ ಆಸ್ಪತ್ರೆಗೂ ಅವಕಾಶವಿಲ್ಲ. ನಿಮ್ಮ ಅಂಗಡಿಯ ಖಾತೆಯಿಂದ ನೌಕರನ ಬಿಲ್ಲು ಕಟ್ಟಿದರೆ ರಸೀದಿ ಅವನ ಹೆಸರಿನಲ್ಲಿರಲಿ, ನಿಮ್ಮ ಲೆಕ್ಕಪುಸ್ತಕದಲ್ಲಿ ಅದನ್ನು ಬೇರೆಯಾಗಿ ನಮೂದಿಸಿರಿ. ಹಾಗಿಲ್ಲದಿದ್ದರೆ ಖರ್ಚು ಮಾಡಿದವರು ಯಾರೆಂಬ ಜಿಜ್ಞಾಸೆ ಬರುತ್ತದೆ.

ಮೆಡಿಕ್ಲೇಮ್ ಇದ್ದರೆ

ಸ್ವಂತ ಆರೋಗ್ಯ ವಿಮೆ ಇರುವವರು ಅಪಘಾತದ ದಿನ ಅದನ್ನೇ ಬಳಸುವುದು ಜಾಣತನ. ಅದರಲ್ಲಿ ನಗದುರಹಿತ ಸೌಲಭ್ಯವಿರುತ್ತದೆ, ತಪ್ಪು ಯಾರದ್ದೆಂದು ಕೇಳುವುದಿಲ್ಲ. ಮೂಲ ಬಿಲ್ಲುಗಳನ್ನು ಆ ಕಂಪೆನಿ ಇಟ್ಟುಕೊಳ್ಳುವುದರಿಂದ ಆಸ್ಪತ್ರೆಯಿಂದ ದೃಢೀಕೃತ ಪ್ರತಿಗಳನ್ನು ಮೊದಲೇ ಪಡೆದಿಡಬೇಕು. ಮೆಡಿಕ್ಲೇಮಿನಿಂದ ಬಂದ ಹಣವನ್ನು ಅಪಘಾತ ಪರಿಹಾರದಲ್ಲಿ ಕಳೆಯಬೇಕೇ ಎಂಬ ಬಗ್ಗೆ ನ್ಯಾಯಾಲಯಗಳಲ್ಲಿ ಒಮ್ಮತವಿಲ್ಲ. ಕಳೆಯಬಾರದೆಂದು ಮುಂಬಯಿ ಉಚ್ಚ ನ್ಯಾಯಾಲಯದ ಪೂರ್ಣಪೀಠವು 2025ರ ಮಾರ್ಚ್‌ನಲ್ಲಿ ಹೇಳಿತು. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ವೈದ್ಯಕೀಯ ವೆಚ್ಚದ ಬಾಬ್ತಿನಿಂದ ಕಳೆಯಬೇಕೆಂಬ ತೀರ್ಪು ಬಂದಿದೆ. ಪ್ರೀಮಿಯಂ ಕಟ್ಟಿದವನ ಉಳಿತಾಯದ ಫಲ ತಪ್ಪಿತಸ್ಥ ವಾಹನದ ಕಂಪೆನಿಗೆ ಸಲ್ಲುವುದು ಸರಿಯಲ್ಲವೆಂದು ನನ್ನ ಅಭಿಮತ. ಆದರೆ ಕಳೆದುಹೋಗುವ ಲೆಕ್ಕವನ್ನೇ ಹಿಡಿದು ರಾಜಿಯ ಮಾತಿಗೆ ಕೂರುವುದು ಕ್ಷೇಮ.

ಕಾಲಮಿತಿ ಮತ್ತು ಮಾಲೀಕನ ಕಡತ

2022ರ ಏಪ್ರಿಲ್ 1ರಿಂದ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವಿದೆ. ಇದರ ಸಿಂಧುತ್ವವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದ್ದು, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ತಳ್ಳಿಹಾಕಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಗಿದೆ. ಆ ಆದೇಶವನ್ನು ನೆಚ್ಚಿ ಕೂರುವುದು ಬೇಡ. ಪೊಲೀಸರು 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನೂ, 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಾಧಿಕರಣಕ್ಕೆ ಸಲ್ಲಿಸತಕ್ಕದ್ದು. ಅವುಗಳ ಪ್ರತಿ ಕೇಳಿ ಪಡೆಯುವ ಹಕ್ಕು ನಿಮಗಿದೆ. ಅಪಘಾತ ಬೇರೆ ಜಿಲ್ಲೆಯಲ್ಲಾಗಿದ್ದರೂ ಗಾಯಾಳು ತಾನು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನ ನ್ಯಾಯಾಧಿಕರಣದಲ್ಲಿ ಅರ್ಜಿ ಹಾಕಬಹುದು. ಬೆಂಗಳೂರಿನ ದಾರಿಯಲ್ಲಿ ಗಾಯಗೊಂಡ ನಮ್ಮೂರ ಹೋಟೆಲ್ ಉದ್ಯೋಗಿಗೆ ಇದು ದೊಡ್ಡ ಅನುಕೂಲ.

ಮಾಲೀಕರಾದ ನಮ್ಮ ಪಕ್ಷದಿಂದ ನೋಡುವುದಾದರೆ, ವಿಮೆ ಇದ್ದೂ ಕೈಕೊಡುವ ಸಂದರ್ಭಗಳು ಹೆಚ್ಚಾಗಿ ಕಾಗದಪತ್ರದವು. ಪರ್ಮಿಟ್ ಇಲ್ಲದಿದ್ದರೆ, ಚಾಲಕನ ಲೈಸೆನ್ಸ್ ಅವಧಿ ಮುಗಿದಿದ್ದರೆ, ಕಂಪೆನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ಬಳಿಕ ಮಾಲೀಕನಿಂದ ವಸೂಲು ಮಾಡುವಂತೆ ಆದೇಶವಾಗುತ್ತದೆ. ಗಾಯಾಳುವಿಗೆ ನ್ಯಾಯ ಸಿಕ್ಕಿತು, ವರ್ತಕನ ಬಂಡವಾಳ ಹೋಯಿತು. ಲಘು ವಾಹನದ ಲೈಸೆನ್ಸಿನ ಬಗ್ಗೆ ಮಾತ್ರ ಒಂದು ನೆಮ್ಮದಿಯುಂಟು: 7,500 ಕಿಲೋಗ್ರಾಂ ತೂಕದೊಳಗಿನ ಸಾರಿಗೆ ವಾಹನವನ್ನು ಆ ಲೈಸೆನ್ಸಿನಲ್ಲಿಯೇ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ಸ್ಪಷ್ಟಪಡಿಸಿದೆ. ನಮ್ಮ ಬಹುತೇಕ ಟೆಂಪೊ, ಪಿಕಪ್‌ಗಳು ಈ ತೂಕದೊಳಗೇ ಬರುತ್ತವೆ; ಆದರೂ ನೋಂದಣಿ ಪತ್ರದಲ್ಲಿ ಬರೆದ ತೂಕವನ್ನು ಒಮ್ಮೆ ನೋಡಿಕೊಳ್ಳಬೇಕು.

ಪಾಲಿಸಿ, ಪರ್ಮಿಟ್, ಫಿಟ್‌ನೆಸ್, ಚಾಲಕನ ಲೈಸೆನ್ಸ್ ಈ ನಾಲ್ಕರ ಅವಧಿ ಮುಗಿಯುವ ತಾರೀಕುಗಳನ್ನು ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿಡುವುದು ನಮ್ಮಲ್ಲಿ ಈಗ ರೂಢಿಯಾಗಿದೆ. ಅದರ ಪಕ್ಕದಲ್ಲಿಯೇ ನೌಕರರ ಸಂಖ್ಯೆಯ ಅಂಕಣದಲ್ಲಿ ಎಷ್ಟೆಂದು ಬರೆದಿದೆ ಎಂಬುದನ್ನೂ ಬರೆದಿಟ್ಟರೆ, ಹಂಚು ಹೇರುವ ಹೊತ್ತಿನಲ್ಲಿ ಯಾರು ಗಾಡಿ ಹತ್ತಬಹುದು, ಯಾರನ್ನು ಬಸ್ಸಿಗೆ ಕಳುಹಿಸಬೇಕು ಎಂಬುದು ಲೈನ್‌ಮೇಸ್ತ್ರಿಗೂ ತಿಳಿಯುತ್ತದೆ.